ಸಮುದ್ರದ ಮೀನಿಗೆ ದೊಡ್ಡಮ್ಮನ ಮಂಡಕ್ಕಿ

ಬೀಚಿಗೆ ಹೊರಟವರು ಬ್ಯಾಗಿನಲ್ಲಿ ಏನು ತುಂಬಿಕೊಳ್ಳುತ್ತಾರೆ? ಟೋಪಿ, ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್, ಪವರ್ ಬ್ಯಾಂಕ್. ನನ್ನ ದೊಡ್ಡಮ್ಮ ತುಂಬಿಕೊಂಡದ್ದು ಮಂಡಕ್ಕಿ.

ಒಂದು ಪ್ಯಾಕೆಟ್ ಅಂದುಕೊಂಡಿರಾ? ನನ್ನ ಸೊಂಟದೆತ್ತರದ ಚೀಲ. ಶೃಂಗೇರಿಯಲ್ಲಿ ಅವಳ ಮನೆಯೆದುರು ನಾವು ಕಾರು ನಿಲ್ಲಿಸಿದಾಗ ಅದೂ ಅವಳ ಪಕ್ಕದಲ್ಲಿ ಟ್ರಿಪ್ಪಿಗೆ ಬರುವ ಇನ್ನೊಬ್ಬ ನೆಂಟನ ಹಾಗೆ ನಿಂತಿತ್ತು. ಡಿಕ್ಕಿಯಲ್ಲಿ ಜಾಗ ಇರಲಿಲ್ಲ. ಕೊನೆಗೆ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ದೊಡ್ಡಮ್ಮ, ಮಧ್ಯ ಮಂಡಕ್ಕಿ, ಈ ಕಡೆ ಮೂಲೆಗೆ ಒತ್ತಿಕೊಂಡು ನಾನು. ಮುಂದಿನ ಸೀಟಿನಲ್ಲಿ ಅವಳ ಇಂಡಕ್ಷನ್ ಸ್ಟವ್ವು, ಕುಕ್ಕರ್ರು ಆರಾಮಾಗಿ ಕುಳಿತಿದ್ದವು.

"ಇಷ್ಟೆಲ್ಲ ತಿನ್ನೋರು ಯಾರು ದೊಡ್ಡಮ್ಮಾ?"

"ತಿನ್ನೋರಿಗೆ ಎಂತ ಬರಗಾಲ? ಸಮುದ್ರ ಅಂದ್ಮೇಲೆ ಮೀನಿರಲ್ವಾ ಮಾರಾಯ್ತಿ?"

ಸ್ಟೇರಿಂಗ್ ಹಿಡಿದಿದ್ದ ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಏಕೆಂದರೆ ನಾವು ರೂಮ್ ಬುಕ್ ಮಾಡಿದ್ದು ಮೀನುಗಾರರ ಮನೆಯಲ್ಲಿ. ಅದನ್ನು ದೊಡ್ಡಮ್ಮನಿಗೆ ಯಾರು ಹೇಳಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನ ಆಗಿರಲಿಲ್ಲ.

ಸೆಕೆ ತಪ್ಪಿಸಿಕೊಳ್ಳಲು ಬಯಲುಸೀಮೆಯವರು ಮಲೆನಾಡಿಗೆ ಬರುತ್ತಾರೆ. ಮಲೆನಾಡಿನವರು ಎಲ್ಲಿಗೆ ಹೋಗಬೇಕು? ನಮ್ಮ ಕೊಪ್ಪದಲ್ಲೂ ಈಗ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಕಣ್ಣು ಮುಚ್ಚಲಾಗದು. ಹಾಗಾಗಿ ನಾವು ಘಟ್ಟ ಇಳಿದು, ಇನ್ನೂ ಹೆಚ್ಚು ಸೆಕೆ ಇರುವ ಕಡೆಗೆ ಹೋಗುತ್ತೇವೆ! (ತರ್ಕ ಕೇಳಬೇಡಿ. ರಜೆ ಹಾಕುವುದೇ ತರ್ಕದಿಂದ ತಪ್ಪಿಸಿಕೊಳ್ಳಲು.) ಬೈಂದೂರಿನಿಂದ ಸ್ವಲ್ಪ ಆಚೆ ಒಂದು ಸಣ್ಣ ಹಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರವೇ ನೀವೆಲ್ಲ ರೀಲ್ಸ್ ಮಾಡಲು ಹೊರಟುಬಿಡುತ್ತೀರಿ, ನನಗೆ ಗೊತ್ತು.

ದೊಡ್ಡಮ್ಮ ನಮ್ಮ ಪ್ಲಾನಿನಲ್ಲಿ ಇರಲೇ ಇಲ್ಲ. ಸುಮ್ಮನೆ ಫೋನಿನಲ್ಲಿ ಸುದ್ದಿ ಹೇಳಿದೆ. ಎಪ್ಪತ್ತು ದಾಟಿದ ಆ ಹೆಂಗಸು ಉಡುಪಿಗೆ ಎಷ್ಟು ಸಲ ಹೋಗಿದ್ದಾಳೋ ಲೆಕ್ಕವಿಲ್ಲ, ಸಮುದ್ರ ಮಾತ್ರ ನೋಡಿರಲಿಲ್ಲ. ದೇವರ ದರ್ಶನ, ಊಟ, ಸೀದಾ ವಾಪಸ್ ಬಸ್ಸು. ನಮ್ಮ ತುಂಗೆಯೂ ಹಾಗೆಯೇ ಅಲ್ಲವೇ? ಪಡುವಣ ಕಡಲು ಇಷ್ಟು ಹತ್ತಿರವಿದ್ದರೂ ಅತ್ತ ಬೆನ್ನು ಹಾಕಿ ಮೂಡಣಕ್ಕೆ ಹೊರಟುಹೋಗಿದ್ದಾಳೆ.

ಫೋನಿನಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನೀರಿಗಿಳಿಯೋಕೆ ಮೆಟ್ಟಿಲಿದ್ಯನೇ?"

"ಸಮುದ್ರಕ್ಕೆ ಯಾರು ಮೆಟ್ಟಿಲು ಕಟ್ತಾರೆ? ಮರಳಿನ ಮೇಲೆ ನಡ್ಕೊಂಡು ಹೋದ್ರೆ ನೀರೇ."

"ಹಂಗಾರೆ ನಾನೂ ಬರ್ತೀನಿ."

ಆ ಮೆಟ್ಟಿಲಿನ ವಿಷಯ ನಿಮಗೆ ಹೇಳಲೇಬೇಕು. ಶೃಂಗೇರಿಗೆ ಹೋದವರೆಲ್ಲ ತುಂಗೆಯ ದಡದಲ್ಲಿ ನಿಂತು ಮೀನಿಗೆ ಮಂಡಕ್ಕಿ ಎಸೆದಿರುತ್ತೀರಿ. ಅಲ್ಲಿನ ಮೀನನ್ನು ಯಾರೂ ಹಿಡಿಯುವುದಿಲ್ಲ. ನಿಮಗೆ ಅದು ಟ್ರಿಪ್ಪಿನ ಒಂದು ಐಟಂ. ದೊಡ್ಡಮ್ಮನಿಗೆ ಸಂಸಾರ. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ದಿನವೂ ಬೆಳಗ್ಗೆ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲಲ್ಲಿ ಕುಳಿತು, ನೀರಿನ ಹತ್ತಿರ ಕೈ ಇಟ್ಟು ಹಾಕುತ್ತಿದ್ದಳು. ಬಾಲ ಹರಿದ ಒಂದಕ್ಕೆ ಮೊದಲು, ಆಮೇಲೆ ಉಳಿದವಕ್ಕೆ. ಅತ್ತೆಯ ಮೇಲಿನ ಸಿಟ್ಟು, ಮಗಳ ಬಾಣಂತನದ ಗಡಿಬಿಡಿ, ಸೊಸೆಯ ಬಗ್ಗೆ ಬಾಯಿ ಬಿಟ್ಟು ಹೇಳಲಾಗದ್ದು, ಎಲ್ಲವೂ ಆ ಮೀನುಗಳಿಗೆ ಗೊತ್ತು. ನಮ್ಮ ಮನೆತನದ ಗುಟ್ಟೆಲ್ಲ ಇರುವುದು ತುಂಗೆಯ ಮೀನುಗಳ ಹೊಟ್ಟೆಯಲ್ಲಿ.

ಕಳೆದ ವರ್ಷ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಮೆಟ್ಟಿಲು ಹತ್ತಿ ಇಳಿಯುವುದೇ ಬೇಡ ಎಂದರು. ಅಲ್ಲಿಗೆ ನಿಂತಿತು. ಅವಳ ಬದಲು ಮಗ ಹೋಗುತ್ತಾನೆ. ಆದರೆ ಅವನು ಹಾಕುವ ಚಂದ ದೊಡ್ಡಮ್ಮನಿಗೆ ಹಿಡಿಸುವುದಿಲ್ಲ. "ಮೇಲೆ ನಿಂತು ಒಂದೇ ಸಲ ಸುರೀತಾನೆ, ಗಿಡದ ಬುಡಕ್ಕೆ ಗೊಬ್ಬರ ಸುರಿದ ಹಂಗೆ. ಅಷ್ಟು ಅವಸರದಲ್ಲಿ ಬಡಿಸಿದ್ರೆ ಯಾರಾದ್ರೂ ಉಣ್ತಾರಾ?"

ಆದ್ದರಿಂದ ಸಮುದ್ರ ಎಂದರೆ ಅವಳಿಗೆ ನೀಲಿಯಲ್ಲ, ಅಲೆಯಲ್ಲ, ಸನ್‌ಸೆಟ್ ಅಲ್ಲ. ಮೆಟ್ಟಿಲಿಲ್ಲದ ನೀರು.

ನಾವು ಉಳಿದುಕೊಂಡ ಮನೆಯ ಯಜಮಾನತಿ ಜಲಜಕ್ಕ. ಅಂಗಳದಿಂದ ಮರಳು, ಮರಳಿನಾಚೆ ಕಡಲು. ಗಂಡ ಕೈರಂಪಣಿ ತಂಡದಲ್ಲಿ ಇದ್ದಾರೆ. (ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಸುತ್ತು ಬಲೆ ಬಿಟ್ಟು, ಎರಡು ತುದಿಯ ಹಗ್ಗವನ್ನು ಊರವರೆಲ್ಲ ದಡದಲ್ಲಿ ನಿಂತು ಎಳೆಯುವುದೇ ಕೈರಂಪಣಿ.) ಬಾಗಿಲಲ್ಲೇ ಜಲಜಕ್ಕ ನಮ್ಮ ಸಂಕಟವನ್ನು ಒಂದೇ ಮಾತಿನಲ್ಲಿ ಬಗೆಹರಿಸಿಬಿಟ್ಟರು. "ಅಮ್ಮಾ, ನಾವ್ ಮೀನ್ ಹಿಡುವರ್. ನಿಮ್ಗೆ ಅಡಿಗೆಗೆ ಚಾವಡಿ ಬದಿಯ ಕೋಣೆ ಬೇರೆಯೇ ಇತ್ತ್, ಅಲ್ಲಿ ಮೀನ್ ತಕಂಡ್ ಹೋಯ್ಲಿಲ್ಲ."

ದೊಡ್ಡಮ್ಮ ಒಂದು ಕ್ಷಣ ಅಂಗಳದಲ್ಲಿ ಒಣಗಿಸಿದ್ದ ಬಲೆಯನ್ನು ನೋಡಿದಳು. ಆಮೇಲೆ, "ಅವರವರ ಕಸುಬು ಅವರವರಿಗೆ. ಸಮುದ್ರ ಯಾವ ಕಡೆ?" ಎಂದಳು.

ಮೊದಲ ಸಂಜೆ ದೊಡ್ಡ ಕಾಮಿಡಿ. ದೊಡ್ಡಮ್ಮ ಸೆರಗು ಕಟ್ಟಿ ನೀರಿನಂಚಿಗೆ ಹೋಗಿ, "ಬನ್ನಿ, ಬನ್ನಿ" ಎಂದು ಕರೆದು ಮಂಡಕ್ಕಿ ಎಸೆದಳು. ಅಲೆ ಬಂತು, ಮಂಡಕ್ಕಿಯನ್ನೆಲ್ಲ ಗುಡಿಸಿ ತಂದು ಅವಳ ಕಾಲಬುಡಕ್ಕೇ ಹಾಕಿ ಹೋಯಿತು. ಮತ್ತೆ ಎಸೆದಳು. ಮತ್ತೆ ವಾಪಸ್. ಮೀನಿನ ಸುಳಿವಿಲ್ಲ. ಕಾಗೆಗಳಿಗೆ ಹಬ್ಬ. ಒಂದು ನಾಯಿ ಬಂದು ಮೂಸಿ, ತುಂಬಾ ಉಪ್ಪಾಯಿತು ಎನ್ನುವ ಮುಖ ಮಾಡಿ ಹೋಯಿತು. ನಮ್ಮವರು ಇದ್ಯಾವುದನ್ನೂ ನೋಡಲಿಲ್ಲ. ಕೊಪ್ಪದ ಹತ್ತಿರದ ನಾರ್ವೆಯಲ್ಲಿರುವ ನಮ್ಮ ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಸಮುದ್ರಕ್ಕೆ ಬೆನ್ನು ಹಾಕಿ, ಅಲ್ಲಿ ತ್ರೀ ಫೇಸ್ ಕರೆಂಟು ಬಂತೋ ಇಲ್ಲವೋ ಎಂದು ಪಂಪಿಗೆ ಫೋನ್ ಮಾಡುತ್ತಾ ನಿಂತಿದ್ದರು.

ಇದೇ ನೋಡಿ ನಮ್ಮ ಪ್ರವಾಸ. ಹೊಸ ಊರಿಗೆ ಹೋಗುತ್ತೇವೆ, ಹೋಗುವಾಗ ನಮ್ಮ ಊರನ್ನೂ ಕಟ್ಟಿಕೊಂಡು ಹೋಗುತ್ತೇವೆ. ಅಲ್ಲಿ ಇಳಿದು, ನಮ್ಮೂರಿನ ಹಾಗೆ ಇಲ್ಲವಲ್ಲ ಎಂದು ಗೊಣಗುತ್ತೇವೆ. ನಾನೇನು ಕಡಿಮೆ? ಅಲ್ಲಿನ ಕಾಫಿ ಕುಡಿದು ಮುಖ ಸಿಂಡರಿಸಿದ್ದೆ.

ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ ಜಲಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಕೆಳಗೆ ಬಂದು ದೊಡ್ಡಮ್ಮನ ಕೈ ಹಿಡಿದರು. "ಹ್ವಾಯ್ ಅಮ್ಮಾ, ಇಲ್ಲ್ ಹಾಕಿರೆ ಮೀನ್ ಬತ್ತಿಲ್ಲೆ. ಅಳಿವೆ ಬದಿಗೆ ಬನಿ, ತೋರ್ಸ್ತೆ."

ಅಳಿವೆ ಅಂದರೆ ಹೊಳೆ ಕಡಲು ಸೇರುವ ಜಾಗ. ಮನೆಯಿಂದ ನಾಲ್ಕು ಹೆಜ್ಜೆ. ಅಲ್ಲಿ ಅಲೆಯಿಲ್ಲ, ನೀರು ತೆಳ್ಳಗೆ ಮರಳಿನ ಮೇಲೆ ಹರಡಿಕೊಂಡಿತ್ತು. ಜಲಜಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ನೀರಿನೊಳಗೇ ಇಟ್ಟರು. ದೊಡ್ಡಮ್ಮ ಕುಳಿತು, ಪಾದ ನೀರಿಗೆ ಬಿಟ್ಟು, ನಾಲ್ಕು ಕಾಳು ಮಂಡಕ್ಕಿ ಹಾಕಿ ಕಾದಳು. ಬಂದವು! ಬೆರಳುದ್ದದವು, ಬೆಳ್ಳಗಿನವು, ಒಂದೊಂದಾಗಿ, ಆಮೇಲೆ ಗುಂಪಾಗಿ. ಅವು ಕಾಲ್ಬೆರಳಿಗೆ ಮುತ್ತುತ್ತಿದ್ದರೆ ದೊಡ್ಡಮ್ಮನಿಗೆ ಕಚಗುಳಿ.

"ನಿಧಾನ, ನಿಧಾನ. ಎಲ್ಲರಿಗೂ ಇದೆ. ನಿಂದು ಆಯ್ತಲ್ಲ, ಆಚೆ ಹೋಗು, ಆ ಸಣ್ಣದಕ್ಕೆ ಬಿಡು." ಅದೇ ಹಳೆಯ ದನಿ. ಒಂದು ವರ್ಷದಿಂದ ನಾನು ಆ ದನಿ ಕೇಳಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಮೊಬೈಲ್ ಕೈಯಲ್ಲೇ ಇದ್ದರೂ ಫೋಟೊ ತೆಗೆಯುವುದು ಮರೆತೇಹೋಯಿತು. ಕತ್ತಲಾಗುವವರೆಗೂ ಅವಳು ಏಳಲಿಲ್ಲ. ಅವಳ ಸೊಸೆಯ ಬಗ್ಗೆ ಅರಬ್ಬೀ ಸಮುದ್ರದ ಮೀನುಗಳಿಗೂ ಈಗ ಗೊತ್ತಾಗಿದೆ ಎಂದುಕೊಂಡೆ.

ಮರುದಿನ ಬೆಳಗ್ಗೆ ಗಲಾಟೆ ಕೇಳಿ ಎಚ್ಚರವಾಯಿತು. ಕೈರಂಪಣಿ ಎಳೆಯುತ್ತಿದ್ದರು. ಈ ಸಲ ಆ ಊರಿಗೆ ಮೀನೇ ಇರಲಿಲ್ಲವಂತೆ. ವಾರಗಟ್ಟಲೆ ಬಲೆಯಲ್ಲಿ ಬಂದದ್ದು ಲೋಳೆ ಲೋಳೆ ಅಂಬಲಿಮೀನು, ಪ್ಲಾಸ್ಟಿಕ್ ಬಾಟಲಿ. ಆವತ್ತು ಮಾತ್ರ ಹಗ್ಗ ಬರುವುದೇ ಇಲ್ಲ, ಅಷ್ಟು ಭಾರ! ನಮ್ಮವರು ಪಂಪನ್ನು ಮರೆತು ಓಡಿ ಹಗ್ಗ ಹಿಡಿದರು. ನಾನೂ ಹಿಡಿದೆ. (ಎಳೆದದ್ದಕ್ಕಿಂತ ಜೋತುಬಿದ್ದದ್ದೇ ಹೆಚ್ಚು.) ಬಲೆ ದಡಕ್ಕೆ ಬಂದಾಗ ನೋಡಬೇಕಿತ್ತು. ರಾಶಿ ರಾಶಿ ಬೂತಾಯಿ ಮೀನು. ಬೆಳ್ಳಿ ಸುರಿದ ಹಾಗೆ. ಹೆಂಗಸರು ಬುಟ್ಟಿ ತರಲು ಓಡಿದರು, ಯಾರೋ ಸಿಳ್ಳೆ ಹಾಕಿದರು, ನಾನಂತೂ ಮೀನು ತಿನ್ನದವಳು ಎನ್ನುವುದನ್ನೂ ಮರೆತು ಕುಣಿದೆ.

ಅಷ್ಟರಲ್ಲಿ ಜಲಜಕ್ಕ ಎಲ್ಲರಿಗೂ ಕೇಳುವಂತೆ ಕೂಗಿದರು. "ಕಾಣಿ, ಎಲ್ಲ ಶೃಂಗೇರಿ ಅಮ್ಮನ ಕೈಗುಣ! ನಿನ್ನೆ ಸಂಜಿ ಅಮ್ಮ ಮೀನಿಗೆ ಅನ್ನ ಹಾಕಿ ಕರ್ದಿರ್!"

ಎಲ್ಲರೂ ತಿರುಗಿ ನೋಡಿದರು. ದೊಡ್ಡಮ್ಮ ಕೋಲೂರಿಕೊಂಡು ಆಗಷ್ಟೇ ಬಂದು ನಿಂತಿದ್ದಳು. ಬಲೆಯ ಯಜಮಾನ ಮಂಜಣ್ಣ, ನರೆತ ಮೀಸೆಯ ಗಟ್ಟಿ ಮನುಷ್ಯ, ಒದ್ದೆ ಕೈಯಲ್ಲೇ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವರ ಹಿಂದೆ ಇನ್ನಿಬ್ಬರು ಬಂದರು. ದೊಡ್ಡಮ್ಮ ಬಾಗಿದ ಆ ತಲೆಗಳತ್ತ ನೋಡಲಿಲ್ಲ. ಮರಳಿನ ಮೇಲೆ ಹೊರಳುತ್ತಿದ್ದ ಮೀನನ್ನೇ ನೋಡುತ್ತಿದ್ದಳು.

"ಇವು ನಿನ್ನೆಯವೇನೇ ಕೂಸೇ?" ಎಂದಳು ನನ್ನ ಕಡೆ ತಿರುಗಿ.

"ಅಲ್ಲ ದೊಡ್ಡಮ್ಮಾ. ಅವು ಅಳಿವೆಯವು, ಇವು ಕಡಲಿನವು. ಜಾತಿಯೇ ಬೇರೆ."

ಅವಳು ಕೋಲೂರಿಕೊಂಡು ಮನೆಯ ಕಡೆ ತಿರುಗಿದಳು.

ಮಧ್ಯಾಹ್ನ ಊಟ ಮಾಡಲಿಲ್ಲ. ಹಸಿವಿಲ್ಲ ಎಂದಳು. ಸಮುದ್ರ ಕಾಣದ ಕಡೆ, ಅಡುಗೆಕೋಣೆಯ ಹಿಂದಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ನಾನು ನನಗೆ ಗೊತ್ತಿದ್ದ ಅಷ್ಟಿಷ್ಟು ವಿಜ್ಞಾನವನ್ನೆಲ್ಲ ಖರ್ಚು ಮಾಡಿದೆ. ಜಲಜಕ್ಕನೂ ಬಂದು ಹೇಳಿದರು. "ಅಮ್ಮಾ, ನಾನ್ ತಮಾಷಿಗೆ ಹೇಳದ್. ಬೂತಾಯಿ ಮಂಡಕ್ಕಿ ತಿಂಬುಕೆ ಬಪ್ದಲ್ಲ. ನೀರ್ ಬದ್ಲಾರೆ ಬತ್ತ್, ಇಲ್ದಿರೆ ಇಲ್ಲೆ."

ದೊಡ್ಡಮ್ಮನ ಕಣ್ಣು ತುಂಬಿತ್ತು. "ನಿಮ್ಮನ್ನ ನಾನೆಂತಕ್ಕೆ ದೂರ್ಲಿ ಜಲಜಾ? ನೀವು ಹಿಡೀಲೇಬೇಕು, ಅದು ನಿಮ್ಮ ಅನ್ನ. ಆದ್ರೆ ಕರೆದದ್ದು ನಾನಲ್ವಾ? ಬನ್ನಿ ಬನ್ನಿ ಅಂತ ಕರೆದು, ಕೂರಿಸಿ ಬಡಿಸಿ, ಎದ್ದು ಹೋಗುವಾಗ ಬಾಗಿಲಲ್ಲಿ ಹಿಡಿಸಿಕೊಟ್ಟ ಹಂಗಾಯ್ತು. ಸಾಕು. ಇನ್ನು ಯಾವ ಮೀನಿಗೂ ನಾನು ಹಾಕಲ್ಲ. ತುಂಗೆಯಲ್ಲೂ ಹಾಕ್ಸಲ್ಲ."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಮೊಣಕಾಲು ಅವಳಿಂದ ಮೆಟ್ಟಿಲನ್ನಷ್ಟೇ ಕಿತ್ತುಕೊಂಡಿತ್ತು. ಈಗ ಮೀನುಗಳೂ ಹೋದವಲ್ಲ! ಸಂತೋಷಪಡಿಸಲು ಕರೆದುಕೊಂಡು ಬಂದು ಇದೇನು ಮಾಡಿಬಿಟ್ಟೆವು? ಸುಮ್ಮನೆ ಕೊಪ್ಪದಲ್ಲಿ ಫ್ಯಾನ್ ಕೆಳಗೆ ಬಿದ್ದುಕೊಂಡಿರಬಾರದಿತ್ತೇ?

ಸಾಲದ್ದಕ್ಕೆ ಸಂಜೆ ಮಂಜಣ್ಣ ಬಂದರು. ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಒಂದು ಗೊನೆ ಎಳನೀರು ಹಿಡಿದುಕೊಂಡು. ಅಂಗಳದಲ್ಲೇ ನಿಂತು, "ಅಮ್ಮಾ, ನಾಳೆ ಬಲೆ ಬಿಡುದ್ರೊಳ್ಗೆ ಒಂದ್ ಮುಷ್ಟಿ ಹಾಕಿ ಕೊಡ್ಕ್. ಮಳಿ ಬಂದ್ರೆ ದೋಣಿ ಮೇಲೆ ಎಳುದೇ. ಈ ನಾಲ್ಕ್ ದಿನ ಸಿಕ್ಕಿರೆ ಸಿಕ್ತ್" ಎಂದರು.

ನಾನು ಏನಾದರೂ ನೆಪ ಹೇಳಿ ಕಳಿಸಿಬಿಡೋಣ ಎಂದು ಬಾಯಿ ತೆರೆದೆ. ದೊಡ್ಡಮ್ಮ ಕೈಯೆತ್ತಿ ನನ್ನನ್ನು ತಡೆದಳು. ಆಮೇಲೆ ಮಂಜಣ್ಣನನ್ನು ಕೇಳಿದ ಪ್ರಶ್ನೆಗೂ ಅವರ ಬೇಡಿಕೆಗೂ ಸಂಬಂಧವೇ ಇರಲಿಲ್ಲ.

"ಬೆಳಗ್ಗೆ ಅಷ್ಟು ಹೊತ್ತು ಎಳೀತೀರಲ್ಲ, ಎಂತ ತಿಂದು ಬರ್ತೀರಿ?"

"ಎಂತ ತಿಂಬುದ್ ಅಮ್ಮಾ? ಒಂದ್ ಚಾ. ಎಳ್ದ್ ಮುಗ್ದ್ ಮೇಲೆಯೇ ಎಲ್ಲ."

"ಎಲ್ಲರೂ ಖಾಲಿ ಹೊಟ್ಟೇಲಾ?"

"ಹೌದ್."

"ನಾಳೆ ಬರ್ತೀನಿ, ಹೋಗಿ" ಎಂದಳು ದೊಡ್ಡಮ್ಮ. ಮಂಜಣ್ಣ ಖುಷಿಯಿಂದ ಹೋದರು. ನಾನು ಗಾಬರಿಯಿಂದ ಉಳಿದೆ. ಹೂಂ ಅಂದಳಲ್ಲ, ಏನು ಮಾಡುತ್ತಾಳೆ? ಅಷ್ಟೊಂದು ಅತ್ತವಳು ಹಾಕುತ್ತಾಳೆಯೇ? ಹಾಕಿದರೆ ಇವಳ ಜೀವಕ್ಕೆ ನೆಮ್ಮದಿ ಇಲ್ಲ. ಹಾಕದಿದ್ದರೆ ಅಷ್ಟು ಜನರ ಮುಖ ಬಾಡುತ್ತದೆ.

ಬೆಳಗ್ಗೆ ಏಳುವಾಗ ಅಡುಗೆಕೋಣೆಯಿಂದ ಟಕಟಕ ಸದ್ದು. ಹೋಗಿ ನೋಡಿದರೆ ಜಲಜಕ್ಕ ಈರುಳ್ಳಿ ಹೆಚ್ಚುತ್ತಿದ್ದಾರೆ, ಕಣ್ಣೀರು ಸುರಿಯುತ್ತಿದೆ. ಪಕ್ಕದಲ್ಲಿ, ಜನ್ಮದಲ್ಲಿ ಈರುಳ್ಳಿ ಮುಟ್ಟದ ನನ್ನ ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇನ್ನೂ ಸಣ್ಣಕ್ಕೆ, ಇನ್ನೂ ಸಣ್ಣಕ್ಕೆ" ಎಂದು ಡೈರೆಕ್ಷನ್ ಕೊಡುತ್ತಿದ್ದಾಳೆ. ಹಂಡೆಯಂಥ ಪಾತ್ರೆಗೆ ಚೀಲದಲ್ಲಿದ್ದ ಮಂಡಕ್ಕಿ ಪೂರ್ತಿ ಬಿತ್ತು. ತೆಂಗಿನೆಣ್ಣೆ, ಮೆಣಸಿನಪುಡಿ, ಉಪ್ಪು, ಕಾಯಿತುರಿ, ಚೂರು ಬೆಲ್ಲ. ಮೊಣಕೈವರೆಗೆ ಕೈ ಹಾಕಿ ಕಲಸಿದಳು. ಆ ಪರಿಮಳಕ್ಕೆ ನಮ್ಮವರು ಹಾಸಿಗೆಯಿಂದ ತಾವಾಗಿಯೇ ಎದ್ದು ಬಂದರು. (ಮದುವೆಯಾದ ಮೇಲೆ ಇದೇ ಮೊದಲು.)

ಪಾತ್ರೆ ದಡಕ್ಕೆ ಹೋಯಿತು. ದೊಡ್ಡಮ್ಮ ಮೊನ್ನೆಯ ಅದೇ ಸ್ಟೂಲಿನ ಮೇಲೆ ಕುಳಿತಳು. ಹಗ್ಗ ಹಿಡಿಯಲು ಬಂದವರನ್ನೆಲ್ಲ ಸಾಲಾಗಿ ಕರೆದು, ಒಬ್ಬೊಬ್ಬರ ಕೈಗೂ ಕಾಗದದಲ್ಲಿ ಹಾಕಿ ಕೊಟ್ಟಳು. "ನಿಧಾನ, ನಿಧಾನ. ಎಲ್ಲರಿಗೂ ಇದೆ. ನೀನು ಆಗಲೇ ತಗೊಂಡ್ಯಲ್ಲ, ಹಿಂದೆ ಹೋಗು."

ಮಂಜಣ್ಣನ ಸರದಿ ಬಂತು. ಕಾಗದ ಹಿಡಿದುಕೊಂಡು ಸಂಕೋಚದಿಂದ ಕೇಳಿದರು, "ಅಮ್ಮಾ, ಮೀನಿಗೆ?"

ದೊಡ್ಡಮ್ಮ ತಲೆಯೆತ್ತಿದಳು. "ಮೀನಿಗೆ ಹಾಕಿದ್ರೂ ಅದು ಕಡೆಗೆ ಬರೋದು ನಿಮ್ಮ ಹೊಟ್ಟೆಗೇ ಅಲ್ವಾ? ಮಧ್ಯದಲ್ಲಿ ಆ ಬಡಪಾಯಿನ ಎಂತಕ್ಕೆ ಸಿಕ್ಕಿಸೋದು? ಸೀದಾ ನೀವೇ ತಿನ್ನಿ."

ಆಗ ಎದ್ದ ನಗು ಆಚೆ ದಡಕ್ಕೂ ಕೇಳಿಸಿರಬೇಕು. ಮಂಜಣ್ಣ ನಕ್ಕು ನಕ್ಕು ಕೆಮ್ಮಿದರು. ಜಲಜಕ್ಕ ಅವರ ಬೆನ್ನು ತಟ್ಟಿದರು. ಆವತ್ತು ಬಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಯಾರೂ ದೊಡ್ಡಮ್ಮನನ್ನು ದೂರಲಿಲ್ಲ. ಮಂಡಕ್ಕಿ ಉಳಿದಿದೆಯೇ ಎಂದು ಮಾತ್ರ ಕೇಳಿಕೊಂಡು ಬಂದರು. ಮಧ್ಯಾಹ್ನ ದೊಡ್ಡಮ್ಮ ಹೊಟ್ಟೆ ತುಂಬ ಉಂಡಳು.

ಆದರೆ ವಾಪಸ್ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ನಾನು ಮೆಲ್ಲಗೆ ಕೇಳಿದೆ. "ಇನ್ನು ತುಂಗೆಯ ಮೀನಿಗೆ?" ಅವಳು ಖಾಲಿ ಚೀಲವನ್ನು ಮಡಿಸಿ ಮಡಿಸಿ ಸಣ್ಣದು ಮಾಡುತ್ತಿದ್ದಳು. ಊರಿಗೆ ಬಂದ ಮೇಲೆ ಮಗನಿಗೂ ಹಾಕಬೇಡ ಎಂದಳಂತೆ. ಕೇಳಿ ಸಂಕಟವಾಯಿತು. ಯಾರಿಂದ ಹೇಳಿಸುವುದು? ಯಾವ ಪುರಾಣ ತೆಗೆದು ಒಪ್ಪಿಸುವುದು?

ಕಳೆದ ವಾರ ಜಲಜಕ್ಕ ಫೋನ್ ಮಾಡಿದರು. ದೋಣಿ ಮೇಲೆ ಎಳೆದಾಯಿತು, ಇನ್ನು ಕೆಲಸವಿಲ್ಲ, ಶಾರದಾಂಬೆಯ ದರ್ಶನಕ್ಕೆ ಬರುತ್ತೇನೆ ಎಂದರು. ನಾನೂ ಶೃಂಗೇರಿಗೆ ಹೋದೆ. ಬಸ್ಸಿನಿಂದ ಇಳಿದಾಗ ಅವರ ಕೈಯಲ್ಲಿ ಏನಿತ್ತು ಗೊತ್ತೇ? ಮಂಡಕ್ಕಿ. ಇದೂ ಸಣ್ಣ ಪ್ಯಾಕೆಟ್ ಅಲ್ಲ.

ದರ್ಶನ ಮುಗಿಸಿ ದಡಕ್ಕೆ ಬಂದೆವು. ಮಳೆ ಇನ್ನೂ ಜೋರಾಗಿರಲಿಲ್ಲ, ನೀರು ತಿಳಿಯಾಗಿತ್ತು. ದೊಡ್ಡಮ್ಮ ಮೆಟ್ಟಿಲ ಮೇಲುಗಡೆಯೇ ನಿಂತಳು. "ನಾನು ಬಿಟ್ಟಿದ್ದೇನೆ ಜಲಜಾ" ಎಂದಳು.

"ನೀವ್ ಬಿಡಿ ಅಮ್ಮಾ. ಹಾಕುದ್ ನಾನ್. ಹುಟ್ಟಿದಾಗಿಂದ ತಕಂಬುದೇ ಆಯ್ತ್, ಒಂದಿನ ಆದ್ರೂ ಕೊಡ್ಕಲೆ? ಇಲ್ಲಿದ್ದನ್ನ್ ಯಾರೂ ಹಿಡಿತಿಲ್ಲೆ ಅಂಬ್ರಲೆ?" ಎಂದವರೇ ಜಲಜಕ್ಕ ಸರಸರ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲಲ್ಲಿ ಕುಳಿತು ಮುಷ್ಟಿ ತುಂಬ ತೆಗೆದರು.

ದೊಡ್ಡಮ್ಮ ಎಷ್ಟು ಹೊತ್ತು ಸುಮ್ಮನಿದ್ದಾಳು? "ಏ ಜಲಜಾ, ಒಂದೇ ಸಲ ಸುರೀಬೇಡ! ನಾಲ್ಕು ನಾಲ್ಕೇ ಕಾಳು. ಅಗೋ, ಬಾಲ ಹರಿದದ್ದು ಬಂತು ನೋಡು! ಅದಕ್ಕೆ ಮೊದಲು ಹಾಕು. ಕೈ ಇನ್ನೂ ಕೆಳಗೆ ಹಿಡಿ!" ಕೋಲು ಕುಟ್ಟಿಕೊಂಡು ಮೇಲಿನಿಂದಲೇ ಬಡಿಸುವುದಕ್ಕೆ ನಿಂತುಬಿಟ್ಟಳು.

ಜಲಜಕ್ಕನ ಪಕ್ಕ ಹೋಗಿ ಕುಳಿತೆ. ಅವರು ದೊಡ್ಡಮ್ಮ ಹೇಳಿದಂತೆಯೇ ನಾಲ್ಕು ನಾಲ್ಕೇ ಕಾಳು ಹಾಕುತ್ತಿದ್ದರು. ಕಣ್ಣು ಮಾತ್ರ ಒಂದು ದೊಡ್ಡ ಮೀನಿನ ಮೇಲೆ ನೆಟ್ಟಿತ್ತು. ನನ್ನ ಕಿವಿಯ ಹತ್ತಿರ ಬಾಗಿ, ಭಕ್ತಿಯಿಂದಲೇ ಪಿಸುಗುಟ್ಟಿದರು. "ಹ್ವಾಯ್, ಅದೊಂದೇ ಎಂಟ್ ಕೆಜಿ ತೂಗತ್ತ್!"

"ಎಂತ ಹೇಳ್ತಿದ್ದಾಳೇ ಅವಳು?" ಮೇಲಿನಿಂದ ದೊಡ್ಡಮ್ಮ ಕೂಗಿದಳು.

"ಮಕ್ಕಳನ್ನ ಚೆನ್ನಾಗಿ ಸಾಕಿದ್ದೀಯ ಅಂತಿದ್ದಾರೆ ದೊಡ್ಡಮ್ಮಾ!" ಎಂದು ನಾನೂ ಕೂಗಿದೆ. ಅದರಲ್ಲಿ ಸುಳ್ಳೇನಿದೆ, ನೀವೇ ಹೇಳಿ?